ಕಾರಿನ ಧೂಳು ಬಯಸಿದ ವಕೀಲರು

ಮಕ್ಕಳೇ, ಧೂಳು ಅಂದ್ರೆ ಇಲ್ಲಿ ಯಾರಿಗೂ ಇಷ್ಟ ಇಲ್ಲ, ಅಲ್ವಾ? ಜೋರಾಗಿ ಗಾಳಿ ಬೀಸಿದ ಮರುದಿನ ಅಲ್ ರಯ್ಯಾನ್‌ನ ಯಾವ ಪಾರ್ಕಿಂಗ್ ನೋಡಿದರೂ ಕಾರುಗಳೆಲ್ಲ ಒಂದೇ ಬಣ್ಣ! ಆದರೆ ಸುಮಾರು ನೂರು ವರ್ಷಗಳ ಹಿಂದೆ ನಮ್ಮ ಮಂಗಳೂರಿನ ವಕೀಲರೊಬ್ಬರು, ಒಂದು ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಅಂತ ಆಸೆಪಟ್ಟಿದ್ದರು. ಅವರೇ ಕುದ್ಮುಲ್ ರಂಗರಾವ್.

ಅವರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಹೋದರು. ರಂಗರಾವ್ ಮಂಗಳೂರಿಗೆ ಬಂದು ಮೇಷ್ಟ್ರಾಗಿ ಕೆಲಸ ಮಾಡುತ್ತಲೇ ಓದಿದರು, ವಕೀಲಿ ಪರೀಕ್ಷೆ ಪಾಸು ಮಾಡಿದರು. ಆ ಕಾಲದಲ್ಲಿ ವಕೀಲರು ಅಂದರೆ ಊರಿನ ದೊಡ್ಡ ಮನುಷ್ಯರು. ಒಳ್ಳೆ ಸಂಪಾದನೆ, ಒಳ್ಳೆ ಹೆಸರು. ಅಲ್ಲಿಗೇ ನಿಲ್ಲಿಸಿದ್ದರೂ ಎಲ್ಲರೂ ಅವರನ್ನು 'ಸಾಧಿಸಿದವರು' ಅಂತಲೇ ಹೇಳುತ್ತಿದ್ದರು.

ಆದರೆ ಅವರ ಕಣ್ಣಿಗೆ ಬೇರೇನೋ ಬಿದ್ದಿತ್ತು. ಕೆಲವು ಜಾತಿಯವರನ್ನು 'ಮುಟ್ಟಬಾರದವರು' ಅಂತ ಆಗ ದೂರ ಇಟ್ಟಿದ್ದರು. ಊರಿನ ಬಾವಿಯಲ್ಲಿ ನೀರು ಸೇದುವಂತಿಲ್ಲ. ದಾರಿಯಲ್ಲಿ ದೊಡ್ಡವರು ಬಂದರೆ ಬದಿಗೆ ಸರಿದು ನಿಲ್ಲಬೇಕು. ಅವರ ಮಕ್ಕಳಿಗೆ ಬೇರೆ ಮಕ್ಕಳ ಪಕ್ಕ ಬೆಂಚಿನ ಮೇಲೆ ಜಾಗ ಇಲ್ಲ. ತಪ್ಪೇನು? ಏನೂ ಇಲ್ಲ. ಆ ಮನೆಯಲ್ಲಿ ಹುಟ್ಟಿದ್ದು, ಅಷ್ಟೇ.

ರಂಗರಾವ್ 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಈ ಮಕ್ಕಳಿಗಾಗಿ ಶಾಲೆ ತೆರೆದರು. ಆಗ ಅಂಬೇಡ್ಕರ್ ಇನ್ನೂ ಪುಟ್ಟ ಮಗು. ಗಾಂಧೀಜಿ ದಕ್ಷಿಣ ಆಫ್ರಿಕಾಕ್ಕೇ ಹೋಗಿರಲಿಲ್ಲ! ಊರಿನವರು ಸುಮ್ಮನಿರಲಿಲ್ಲ. ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ಶಾಲೆಗೆ ಮೇಷ್ಟ್ರು ಸಿಗೋದೇ ಕಷ್ಟ, ಜಾಗ ಸಿಗೋದೂ ಕಷ್ಟ. ಒಂದು ಕಡೆ ಬೇಡ ಅಂದರೆ ಇನ್ನೊಂದು ಕಡೆ ಹುಡುಕಿದರು. 1897ರಲ್ಲಿ 'ಡಿಪ್ರೆಸ್ಡ್ ಕ್ಲಾಸಸ್ ಮಿಷನ್' ಎಂಬ ಸಂಸ್ಥೆಯನ್ನೇ ಕಟ್ಟಿದರು.

ಕೂಲಿಗೆ ಹೋಗುವ ಮಗು ಶಾಲೆಗೆ ಬಂದರೆ ಮನೆಗೆ ಅವತ್ತಿನ ದುಡ್ಡು ಕಡಿಮೆಯಾಗುತ್ತದೆ. ಅದು ಅವರಿಗೆ ಗೊತ್ತಿತ್ತು. ಅದಕ್ಕೇ ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡು ಮಾಡಿದರು. ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸ ಕಲಿಸಿದರು. ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು.

ಸರ್ಕಾರ ಅವರಿಗೆ 'ರಾವ್ ಸಾಹೇಬ್' ಎಂಬ ಬಿರುದು ಕೊಟ್ಟಿತು. ಜಾತಿಯ ಗೋಡೆ ದಾಟಿ ಮಗಳು ರಾಧಾಬಾಯಿಯನ್ನು ಮದುವೆ ಮಾಡಿಕೊಟ್ಟ ಅಳಿಯ ಪಿ. ಸುಬ್ಬರಾಯನ್, 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ಹೇಳಿಕೊಳ್ಳೋಕೆ ಬೇಕಾದಷ್ಟಿತ್ತು. ಆದರೆ ತಮ್ಮ ಬಾಳು ಸಾರ್ಥಕ ಅನ್ನೋದಕ್ಕೆ ಅವರು ಆರಿಸಿಕೊಂಡ ಗುರುತು ಇದ್ಯಾವುದೂ ಅಲ್ಲ. ಅವರ ಆಸೆ ಇಷ್ಟೇ: ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ಸರ್ಕಾರಿ ಕೆಲಸಕ್ಕೆ ಸೇರಬೇಕು, ನಮ್ಮೂರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು. ಮಂಗಳೂರಿನಲ್ಲಿರುವ ಅವರ ಸಮಾಧಿಯ ಮೇಲೆ ಈ ಆಸೆಯನ್ನೇ ಬರೆದಿದ್ದಾರೆ. ಅವರು ತೀರಿಕೊಂಡದ್ದು 1928ರ ಜನವರಿ 30ರಂದು.

ನನ್ನ ಕೆಲಸ ಸಾಫ್ಟ್‌ವೇರ್. ಕೋಡ್ ಬರೆಯುವ ಮೊದಲೇ ಟೆಸ್ಟ್ ಬರೆದಿಡುವ ಪದ್ಧತಿ ನಮ್ಮಲ್ಲಿದೆ. ಅಂದರೆ, ಏನಾದರೆ ಕೆಲಸ ಆಯ್ತು ಅಂತ ಮೊದಲೇ ತೀರ್ಮಾನಿಸೋದು. ರಂಗರಾವ್ ಅವರ ಆಸೆಯೂ ಒಂದು ಟೆಸ್ಟ್. ನೋಡಿ, ಎಷ್ಟು ಕಷ್ಟದ ಟೆಸ್ಟ್! ಬರೀ ಶಾಲೆ ನಡೆಸಿದರೆ ಪಾಸಾಗಲ್ಲ. ಮಗು ಓದು ಮುಗಿಸಬೇಕು. ಕಚೇರಿಯವರು ಕೆಲಸ ಕೊಡಬೇಕು. ಯಾವ ದಾರಿಯಲ್ಲಿ ಬದಿಗೆ ಸರಿಯಬೇಕಿತ್ತೋ, ಅದೇ ದಾರಿಯ ನಡುವೆ ಕಾರು ಓಡಬೇಕು. ಅಂದರೆ ಇಡೀ ಊರೇ ಬದಲಾಗಬೇಕು! ಮತ್ತೆ, ಫಲಿತಾಂಶ ಬರುವ ಹೊತ್ತಿಗೆ ಚಪ್ಪಾಳೆ ತಗೊಳ್ಳೋಕೆ ಅವರು ಇರುವುದಿಲ್ಲ. ಗೆಲ್ಲೋದು ಆ ಮಗು.

ಹಾಗಾದರೆ ನಮ್ಮ ಮಾರ್ಕು, ರ‍್ಯಾಂಕು, ಮೆಡಲು ಬೇಡವೇ? ಬೇಕು. ರಂಗರಾವ್ ಓದದೇ ಇದ್ದಿದ್ದರೆ ಕೋರ್ಟಿನಲ್ಲಿ ಬಡವರ ಪರ ನಿಲ್ಲೋಕೆ ಆಗುತ್ತಿರಲಿಲ್ಲ. ಆದರೆ ಅವರಿಗೆ ವಕೀಲಿಕೆ ಅನ್ನೋದು ಕೈಗೆ ಸಿಕ್ಕ ಕೀಲಿಕೈ. ಕೀಲಿಕೈ ಸಿಕ್ಕಿತು ಅಂತ ಅವರು ಕುಣಿಯಲಿಲ್ಲ, ಅದರಿಂದ ಬೇರೆಯವರ ಬಾಗಿಲು ತೆರೆದರು.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಎಷ್ಟು ಮಾರ್ಕು ಬಂತು ಅಂತ ನಾವು ಕೇಳೇ ಕೇಳ್ತೀವಿ. ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸೋಣ: ಈ ವಾರ ನಿನ್ನಿಂದ ಯಾರಿಗೆ ದಾರಿ ಸ್ವಲ್ಪ ಸುಲಭ ಆಯ್ತು? ಹೊಸದಾಗಿ ಸೇರಿ ಒಬ್ಬನೇ ಕೂತ ಹುಡುಗನಿಗೋ, ಕನ್ನಡ ಓದಲು ತಡವರಿಸುವ ತಂಗಿಗೋ? ಉತ್ತರ ಕೊಡುವ ಸರದಿ ನಮಗೂ ಬರಬೇಕು.

ರಜೆಯಲ್ಲಿ ಮಂಗಳೂರಿಗೆ ಹೋದರೆ ಪುರಭವನದ ಮುಂದೆ ಒಂದು ನಿಮಿಷ ನಿಲ್ಲಿ. ಅದಕ್ಕೆ ಕುದ್ಮುಲ್ ರಂಗರಾವ್ ಪುರಭವನ ಎಂದೇ ಹೆಸರು. ಆ ಹೆಸರು ಯಾರದ್ದು ಅಂತ ನಿಮ್ಮ ಅಜ್ಜಿ ತಾತನಿಗೆ ನೀವೇ ಹೇಳಿ.