ಮಳೆಗಾಲದ ಮಬ್ಬು ಮನಸ್ಸಿಗೂ ಕವಿದಾಗ

ನಮ್ಮದು ಮಲೆನಾಡಿನ ಅಡಿಕೆ ತೋಟ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲೇ ಇರೋಲ್ಲ. ಒಂದು ವರ್ಷ ನನಗೆ ಹಾಸಿಗೆ ಬಿಟ್ಟು ಏಳೋದೇ ಕಷ್ಟವಾಯ್ತು. ಎರಡನೇ ಸಲದ ಬೋರ್ಡೋ ಹೊಡೆಯೋದು ತಪ್ಪಿ, ಅರ್ಧ ಫಸಲು ಕೊಳೆ ರೋಗಕ್ಕೆ ಹೋಯ್ತು. ಎಲ್ಲರೂ ಸೋಮಾರಿ ಅಂದರು. ಡಾಕ್ಟರು ಮಾತ್ರ ಇದು ಖಿನ್ನತೆ, ಬೆಳಕು ಕಡಿಮೆಯಾದರೆ ಕೆಲವರಿಗೆ ಹೀಗಾಗುತ್ತದೆ ಅಂದರು.

ಈಗ ನಾನು ಮಾಡೋದು ಇಷ್ಟು:

- ದಿನಾ ಒಂದೇ ಹೊತ್ತಿಗೆ ಏಳುತ್ತೇನೆ.
- ಬೆಳಿಗ್ಗೆ ಅರ್ಧ ಗಂಟೆ ಹೊರಗಿರುತ್ತೇನೆ. ಮೋಡವಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ಬಲ್ಬಿಗಿಂತ ಎಷ್ಟೋ ಪಟ್ಟು ಹೆಚ್ಚು.
- ಔಷಧಿ ಹೊಡೆಯುವ ದಿನವನ್ನು ಪಕ್ಕದ ತೋಟದವರ ಜೊತೆ ಮೊದಲೇ ಗೊತ್ತುಮಾಡುತ್ತೇನೆ.

ಎರಡು ವಾರವಾದರೂ ಬೇಸರ ಹೋಗದಿದ್ದರೆ 14416ಕ್ಕೆ ಫೋನ್ ಮಾಡಿ. ಸಾಯುವ ಯೋಚನೆ ಬಂದರೆ ಆ ಕ್ಷಣವೇ. ಇದು ಟೆಲಿ ಮಾನಸ್ ಸಹಾಯವಾಣಿ: ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ. ಕೊಳೆಗೆ ಔಷಧಿ ಹೊಡೆಯೋಕೆ ಇಲ್ಲದ ನಾಚಿಕೆ ಇದಕ್ಕೇಕೆ?