ಬ್ಯಾಟ್ ಅಸಲಿ, ಕಥೆ ನಕಲಿ: ಬೇಸ್‌ಬಾಲ್ ಬ್ಯಾಟ್ ಪರೀಕ್ಷೆ ಮಾಡೋದು ಹೇಗೆ?

ಈ ವಾರದ ಸಂಚಿಕೆಯ ಬರಹರೂಪ ಇದು. ಕೇಳೋಕೆ ಟೈಮ್ ಆಗದವರು, ಇಯರ್‌ಫೋನ್ ಮನೆಯಲ್ಲೇ ಬಿಟ್ಟು ಬಂದವರು ಇಲ್ಲೇ ಓದಿಕೊಳ್ಳಿ.

ವಿಷಯ ಕೊಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿರೋ ನಮ್ಮ ಕೇಳುಗರೊಬ್ಬರು. ವಾಯ್ಸ್ ನೋಟ್ ಕಳಿಸಿದ್ರು. ಆನ್‌ಲೈನ್‌ನಲ್ಲಿ ಒಂದು ಬೇಸ್‌ಬಾಲ್ ಬ್ಯಾಟ್ ಮಾರಾಟಕ್ಕಿದೆ, 2000ರ ದಶಕದ ದೊಡ್ಡ ಆಟಗಾರನೊಬ್ಬ ಮ್ಯಾಚ್‌ನಲ್ಲಿ ಬಳಸಿದ್ದಂತೆ, ಬೆಲೆ 4,000 ಡಾಲರ್. ಮೇಲೆ ಅವನ ಸಹಿ ಇದೆ, ಲೀಗ್‌ನ ಹೊಲೋಗ್ರಾಮ್ ಸ್ಟಿಕ್ಕರ್ ಕೂಡ ಇದೆ. "ಸ್ಟಿಕ್ಕರ್ ಇದ್ಮೇಲೆ ಅಸಲಿ ತಾನೆ? ತಗೊಂಡುಬಿಡಲಾ?" ಅನ್ನೋದು ಪ್ರಶ್ನೆ.

ನಾನು ಬೇಸ್‌ಬಾಲ್ ಆಡಿದವರಲ್ಲ. ಆದರೆ ಬಿ.ಕಾಂ.ನಲ್ಲಿ ಆಡಿಟಿಂಗ್ ಓದುವಾಗ ವೌಚಿಂಗ್ ಅಂತ ಒಂದು ಪಾಠ ಇತ್ತು. ಲೆಕ್ಕದ ಪುಸ್ತಕದಲ್ಲಿ ಖರ್ಚು ಅಂತ ಬರೆದಿದ್ರೆ ಸಾಲದು, ಅದರ ಹಿಂದೆ ಬಿಲ್ ಬೇಕು, ಆ ಬಿಲ್ ಅದೇ ಖರ್ಚಿನದ್ದಾಗಿರಬೇಕು. ಬೇರೆ ಖರ್ಚಿನ ಅಸಲಿ ಬಿಲ್ ತಂದು ಅಂಟಿಸಿದ್ರೂ ಅದು ಮೋಸವೇ. ಬ್ಯಾಟ್ ವ್ಯವಹಾರದಲ್ಲಿ ನಡೆಯೋ ಗೋಲ್‌ಮಾಲ್ ಹೆಚ್ಚುಕಮ್ಮಿ ಇದೇ ಜಾತಿಯದ್ದು.

ಮೊದಲು ದುಡ್ಡಿನ ಮಾತು. 1923ರ ಏಪ್ರಿಲ್ 18ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ ಶುರುವಾದ ದಿನ ಬೇಬ್ ರೂತ್ ಅಲ್ಲಿ ಮೊದಲ ಹೋಮ್ ರನ್ ಹೊಡೆದ. ಆ ಬ್ಯಾಟ್ 2004ರಲ್ಲಿ ಹರಾಜಾದಾಗ 12 ಲಕ್ಷ 65 ಸಾವಿರ ಡಾಲರ್ ಬಂತು. 2023ರಲ್ಲಿ ರೂತ್‌ನದೇ ಇನ್ನೊಂದು ಬ್ಯಾಟ್ 18 ಲಕ್ಷ 50 ಸಾವಿರ ಡಾಲರ್‌ಗೆ ಹೋಯ್ತು. ಅದೇ ಕಂಪನಿಯ, ಅದೇ ಮರದ ಬ್ಯಾಟ್ ಅಂಗಡಿಯಲ್ಲಿ ಕೊಂಡರೆ ಕೆಲವು ಹತ್ತು ಡಾಲರ್, ಅಥವಾ ನೂರಿನ್ನೂರು. ಈ ಎರಡರ ನಡುವಿನ ವ್ಯತ್ಯಾಸ ಪೂರ್ತಿ ಒಂದು ಕಥೆಯ ಬೆಲೆ. ಹಾಗಾಗಿ ಪರೀಕ್ಷೆ ಮಾಡಬೇಕಾಗಿರೋದು ಕಥೆಯನ್ನ.

ಆ ಕಥೆಯಲ್ಲಿ ಮೂರು ಮಾತು ಸೇರಿಕೊಂಡಿರುತ್ತೆ. ಈ ಬ್ಯಾಟ್ ಆ ಆಟಗಾರನಿಗಾಗಿಯೇ ಫ್ಯಾಕ್ಟರಿಯಲ್ಲಿ ಮಾಡಿದ್ದಾ? ಇದು ನಿಜವಾಗಿ ಆಟದಲ್ಲಿ ಬಳಕೆಯಾಗಿದ್ಯಾ? ಬಳಸಿದವನು ಅವನೇನಾ? ಮಾರೋನು ಮೊದಲನೇ ಮಾತಿಗೆ ಸಾಕ್ಷಿ ತೋರಿಸ್ತಾನೆ, ಮೂರನೇ ಮಾತಿನ ಬೆಲೆ ಕೇಳ್ತಾನೆ. ಕೊಳ್ಳೋರು ನಡುವೆ ಇರೋ ಹಳ್ಳ ನೋಡದೆ ದಾಟಿಬಿಡ್ತಾರೆ.

ಫ್ಯಾಕ್ಟರಿಯಿಂದ ಶುರು ಮಾಡೋಣ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನ ಹಿಲ್ಲರಿಚ್ ಅಂಡ್ ಬ್ರಾಡ್ಸ್‌ಬಿ ಕಂಪನಿ ಲೂಯಿವಿಲ್ ಸ್ಲಗ್ಗರ್ ಬ್ಯಾಟ್ ಮಾಡುತ್ತೆ. 1905ರಲ್ಲಿ ಹೋನಸ್ ವ್ಯಾಗ್ನರ್ ಅನ್ನೋ ಆಟಗಾರನ ಜೊತೆ ಒಪ್ಪಂದ ಮಾಡಿಕೊಂಡು ಅವನ ಸಹಿಯ ಅಚ್ಚನ್ನ ಬ್ಯಾಟ್ ಮೇಲೆ ಸುಟ್ಟು ಒತ್ತಿದ್ರು. ಆಮೇಲೆ ಅದೇ ರೂಢಿಯಾಯ್ತು. ತೊಂದರೆ ಏನಂದ್ರೆ, ಸ್ಟಾರ್‌ಗಳ ಸಹಿ ಒತ್ತಿದ ಬ್ಯಾಟನ್ನ ಅಂಗಡಿಗಳಲ್ಲೂ ಲಕ್ಷಗಟ್ಟಲೆ ಮಾರಿದ್ರು. ಅಜ್ಜನ ಅಟ್ಟದಲ್ಲಿ ಮಿಕಿ ಮ್ಯಾಂಟಲ್ ಹೆಸರಿನ ಬ್ಯಾಟ್ ಸಿಕ್ತು ಅಂತ ಕುಣಿಯೋ ಬಹುಪಾಲು ಜನರ ಕೈಯಲ್ಲಿರೋದು ಅಂಗಡಿ ಬ್ಯಾಟೇ.

ಗುರುತಿಸೋದು ಹೇಗೆ? ಹಿಡಿಯ ತುದಿಯಲ್ಲಿ ಒಂದು ಗುಂಡಿ ಇರುತ್ತೆ, ನಾಬ್ ಅಂತಾರೆ. ಅದರ ಮೇಲೆ 33, 34 ಥರ ಬರೀ ಅಂಕಿ ಒತ್ತಿದ್ರೆ ಅದು ಸಾಮಾನ್ಯವಾಗಿ ಇಂಚಿನಲ್ಲಿ ಉದ್ದ, ಅಂದ್ರೆ ಅಂಗಡಿ ಮಾಲು. ಆಟಗಾರರಿಗೆ ಕಳಿಸೋ ಬ್ಯಾಟ್‌ಗೆ ಮಾಡೆಲ್ ನಂಬರ್ ಇರುತ್ತೆ: ಒಂದು ಅಕ್ಷರ, ಜೊತೆಗೆ ಅಂಕಿ. ಬೇಬ್ ರೂತ್‌ನದ್ದು ಆರ್43. ಈ ನಂಬರನ್ನ 1940ರ ದಶಕದ ನಡುವಿನಿಂದ ನಾಬ್ ಮೇಲೆ ಒತ್ತುತ್ತಿದ್ರು, 1976ರ ಹೊತ್ತಿಗೆ ಅದು ಚೆಂಡು ಹೊಡೆಯೋ ದಪ್ಪ ಭಾಗಕ್ಕೆ, ಅಂದ್ರೆ ಬ್ಯಾರೆಲ್‌ಗೆ ಬಂತು. ಮಧ್ಯದಲ್ಲಿರೋ ಅಂಡಾಕಾರದ ಮುದ್ರೆಯೂ ಕಾಲಕಾಲಕ್ಕೆ ಬದಲಾಗಿದೆ. ಮೊದಲು ಅದರೊಳಗೆ ಕಂಪನಿಯ ಹೆಸರಿತ್ತು, 1980ರ ಹೊತ್ತಿಗೆ ಆ ಜಾಗಕ್ಕೆ ಲೂಯಿವಿಲ್ ಸ್ಲಗ್ಗರ್ ಅನ್ನೋ ಹೆಸರು ಬಂತು. 1965ರ ಬ್ಯಾಟ್ ಅಂತ ಹೇಳಿ ಹೊಸ ಮುದ್ರೆ ಇದ್ರೆ ಅಲ್ಲಿಗೆ ಮುಗೀತು, ಮುಂದೆ ನೋಡೋದೇ ಬೇಡ.

ಮಾಡೆಲ್ ನಂಬರ್ ಬಗ್ಗೆ ಇನ್ನೊಂದು ಮಾತು, ಯಾಕಂದ್ರೆ ಇಲ್ಲಿ ಜನ ಎಡವುತ್ತಾರೆ. ಅಕ್ಷರ ಹೇಳೋದು ಆ ಆಕಾರ ಮೊದಲು ಯಾರಿಗೆ ಮಾಡಿದ್ರು ಅಂತ, ಈ ಬ್ಯಾಟ್ ಯಾರದ್ದು ಅಂತಲ್ಲ. ಡೆರೆಕ್ ಜೀಟರ್ ವೃತ್ತಿಜೀವನದುದ್ದಕ್ಕೂ ಆಡಿದ್ದು ಪಿ72 ಮಾಡೆಲ್‌ನಲ್ಲಿ. ಆ 'ಪಿ' ಬಂದಿದ್ದು 1950ರ ದಶಕದ ಲೆಸ್ ಪಿಂಕಮ್ ಅನ್ನೋ ಒಬ್ಬ ಕೆಳ ದರ್ಜೆ ಲೀಗ್ ಆಟಗಾರನಿಂದ. ದೊಡ್ಡ ಲೀಗ್ ಮುಟ್ಟದವನ ಅಕ್ಷರ ಹಿಡ್ಕೊಂಡು ಜೀಟರ್ 3,000 ಹಿಟ್ ದಾಟಿದ! 2014ರಲ್ಲಿ ಜೀಟರ್ ನಿವೃತ್ತಿಯಾದಾಗ ಕಂಪನಿ ಆ ನಂಬರ್‌ಗೂ ನಿವೃತ್ತಿ ಕೊಡ್ತು. ಹಾಗಾಗಿ ಅಕ್ಷರ ಆಟಗಾರನ ಹೆಸರಿಗೆ ಹೊಂದಲಿಲ್ಲ ಅಂತ ಬ್ಯಾಟ್ ಬಿಸಾಕಬೇಡಿ, ಹೊಂದಿತು ಅಂತ ಕೊಳ್ಳಲೂಬೇಡಿ.

ಮರವೂ ಕಾಲ ಹೇಳುತ್ತೆ. ಹಳೇ ಕಾಲದಲ್ಲಿ ಹಿಕರಿ ಇತ್ತು, ಆಮೇಲೆ ದಶಕಗಟ್ಟಲೆ ಆಶ್ ಮರದ್ದೇ ರಾಜ್ಯ. ಮೇಪಲ್ ಜನಪ್ರಿಯವಾಗಿದ್ದು 1990ರ ದಶಕದ ಕೊನೆಗೆ. 2001ರಲ್ಲಿ ಬ್ಯಾರಿ ಬಾಂಡ್ಸ್ ಮೇಪಲ್ ಬ್ಯಾಟ್ ಹಿಡಿದು ಒಂದೇ ಸೀಸನ್‌ನಲ್ಲಿ 73 ಹೋಮ್ ರನ್ ಹೊಡೆದ ಮೇಲಂತೂ ಎಲ್ಲರಿಗೂ ಅದೇ ಬೇಕಾಯ್ತು. ಆದರೆ ಮೇಪಲ್ ಒಡೆದು ಚೂಪಾದ ತುಂಡಾಗಿ ಹಾರುತ್ತೆ. 2008ರಲ್ಲಿ ಅದರ ಬಗ್ಗೆ ಅಧ್ಯಯನ ಮಾಡಿಸಿದ ಲೀಗ್, ಮರದ ಎಳೆ ನೇರವಾಗಿದೆಯಾ ಅಂತ ಕಾಣೋ ಹಾಗೆ ಹಿಡಿಯ ಮೇಲೆ ಒಂದು ಶಾಯಿ ಚುಕ್ಕೆ ಇಡಬೇಕು ಅಂತ ನಿಯಮ ತಂತು. 2015ರ ಮೇಪಲ್ ಬ್ಯಾಟ್ ಅಂತಾರೆ, ಚುಕ್ಕೆ ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳಿ.

ಇದಾದ ಮೇಲೆ ತಕ್ಕಡಿ ಮತ್ತು ಟೇಪು. ಯಾವ ಆಟಗಾರ ಎಷ್ಟು ಉದ್ದದ, ಎಷ್ಟು ಔನ್ಸ್ ತೂಕದ ಬ್ಯಾಟ್ ಆರ್ಡರ್ ಮಾಡಿದ ಅಂತ ಫ್ಯಾಕ್ಟರಿ ಬರೆದಿಟ್ಟಿದೆ. ಉದ್ದ ಸರಿಯಾಗಿ ಕೂರಬೇಕು. ತೂಕದಲ್ಲಿ ಸ್ವಲ್ಪ ರಿಯಾಯಿತಿ ಕೊಡಬಹುದು, ಮರ ಒಣಗುತ್ತೆ, ಚೂರು ಹಾರುತ್ತೆ, ಅಂಟು ಮೆತ್ತುತ್ತೆ. 1920ರ ದಶಕದ ಬ್ಯಾಟ್‌ಗಳಿಗೆ ಇಂಥ ದಾಖಲೆ ಕಮ್ಮಿ. ಅಲ್ಲಿ ಕೆಲಸಕ್ಕೆ ಬರೋದು ನನಗೆ ತುಂಬಾ ಇಷ್ಟವಾದ ಸಾಕ್ಷಿ: ಪಕ್ಕಬರಹ.

ಏನಾಗ್ತಿತ್ತು ಅಂದ್ರೆ, ಆಟಗಾರನಿಗೆ ಒಂದು ಬ್ಯಾಟ್ ಕೈಗೆ ಚೆನ್ನಾಗಿ ಕೂತಿದ್ರೆ, ಅದು ಮುರಿದ ಮೇಲೆ ಫ್ಯಾಕ್ಟರಿಗೆ ವಾಪಸ್ ಕಳಿಸ್ತಿದ್ದ, ಇದೇ ಥರ ಇನ್ನಷ್ಟು ಮಾಡಿ ಅಂತ. ಅಲ್ಲಿನ ಕೆಲಸಗಾರ ಮೇಣದ ಪೆನ್ಸಿಲ್ ತಗೊಂಡು ಬ್ಯಾರೆಲ್ ಮೇಲೆ ಆಟಗಾರನ ಹೆಸರು, ಬಂದ ತಾರೀಕು ಗೀಚಿಡ್ತಿದ್ದ. ಗೀಚಿದವನಿಗೆ ನೂರು ವರ್ಷದ ನಂತರ ಇದನ್ನ ಯಾರೋ ಹರಾಜು ಹಾಕ್ತಾರೆ ಅನ್ನೋ ಕಲ್ಪನೆಯೂ ಇರಲಿಲ್ಲ. ಮಾರೋ ಉದ್ದೇಶವಿಲ್ಲದೆ, ಬರೀ ಕೆಲಸಕ್ಕಾಗಿ ಹುಟ್ಟಿದ ದಾಖಲೆ ಅದು. ಹಾಗೆ ಬಂದ ಬ್ಯಾಟ್ ಅವನು ಬಳಸಿದ್ದೇ ಅನ್ನೋದಕ್ಕೆ ಅದಕ್ಕಿಂತ ಗಟ್ಟಿ ಮಾತು ಆ ಕಾಲದಿಂದ ಸಿಗೋದು ಕಷ್ಟ. ಆಟಗಾರನ ಹಳೇ ಗೆಳೆಯನ ಮಗ ಬರೆದ ಪತ್ರಕ್ಕಿಂತ ಈ ಮಸುಕಾದ ಗೀಟು ನನಗೆ ಹೆಚ್ಚು.

ಈಗ ಬಳಕೆ. ಇಲ್ಲಿ ಕಣ್ಣು ಬೇಕು. ಆಟಗಾರ ಬ್ಯಾಟ್‌ನ ಮುದ್ರೆ ಮೇಲೆ ಬರೋ ಹಾಗೆ ಹಿಡೀತಾನೆ, ಹಾಗಾಗಿ ಚೆಂಡು ಬೀಳೋದು ಮುದ್ರೆಯಿಂದ ಕಾಲು ಸುತ್ತು ಪಕ್ಕಕ್ಕೆ. ಬಲಗೈ ಆಟಗಾರನಿಗೆ ಒಂದು ಪಕ್ಕ, ಎಡಗೈಯವನಿಗೆ ಎದುರು ಪಕ್ಕ. ರೂತ್ ಎಡಗೈಯವನು. ಅವನ ಬ್ಯಾಟ್ ಅಂತ ಹೇಳಿ ಏಟುಗಳೆಲ್ಲ ಬಲಗೈಯವನ ಪಕ್ಕದಲ್ಲಿದ್ರೆ? ಇನ್ನು ಸುತ್ತಲೂ ಏಟು ಬಿದ್ದಿದ್ರೆ, ಮುದ್ರೆ ಮೇಲೂ ಬಿದ್ದಿದ್ರೆ, ಹಿಂದಿನ ಬೀದಿಯಲ್ಲಿ ಹುಡುಗರು ಆಡಿದ್ದಾರೆ ಅಂತಲೇ ಲೆಕ್ಕ. ಹಿಂದೆ ಬಿರುಕು ಬಿಟ್ಟ ಬ್ಯಾಟ್‌ಗೆ ಮೊಳೆ ಹೊಡೆದು ಮಕ್ಕಳಿಗೆ ಕೊಡ್ತಿದ್ರು, ಆಟಗಾರನ ನಿಜವಾದ ಬ್ಯಾಟ್ ಮೇಲೇ ಬೇರೆಯವರ ಏಟು ಸೇರಿಕೊಂಡಿರೋದೂ ಉಂಟು.

ಚೆಂಡಿನ ಹೊಲಿಗೆಯ ಅಚ್ಚು ಮರದಲ್ಲಿ ಮೂಡುತ್ತೆ, ಚೆಂಡಿನ ಮೇಲಿನ ನೀಲಿ ಅಕ್ಷರದ ಶಾಯಿ ಅಂಟುತ್ತೆ. ಆಶ್ ಬ್ಯಾಟ್ ಆದ್ರೆ ಒಂದೇ ಜಾಗಕ್ಕೆ ಪದೇಪದೇ ಏಟು ಬಿದ್ದು ಎಳೆ ಎದ್ದು ನಿಲ್ಲುತ್ತೆ. ಡಗೌಟ್‌ನ ಗೂಡಿನಲ್ಲಿ ಬೇರೆ ಬ್ಯಾಟ್‌ಗಳಿಗೆ ಉಜ್ಜಿ ಬಣ್ಣದ ಗೆರೆ ಬಿದ್ದಿರುತ್ತೆ. ಈ ಗೆರೆಯನ್ನ ನಕಲಿ ಮಾಡೋರು ಹೆಚ್ಚಾಗಿ ಮರೀತಾರೆ, ಯಾಕಂದ್ರೆ ಅವರ ಗಮನವೆಲ್ಲ ಏಟು ಹಾಕೋದ್ರಲ್ಲಿ! ಕೈ ಜಾರದಿರಲಿ ಅಂತ ಹಿಡಿಗೆ ಹಚ್ಚೋ ಪೈನ್ ಟಾರ್ ಒಂದು ಅಂಟು. ನಾಬ್‌ನಿಂದ 18 ಇಂಚಿನವರೆಗೆ ಮಾತ್ರ ಹಚ್ಚಬಹುದು ಅನ್ನೋ ನಿಯಮಕ್ಕೆ 1983ರ ಜುಲೈ 24ರಂದು ಜಾರ್ಜ್ ಬ್ರೆಟ್‌ನ ಹೋಮ್ ರನ್ನನ್ನೇ ಅಂಪೈರ್ ರದ್ದು ಮಾಡಿ, ಆಮೇಲೆ ಲೀಗ್ ಅದನ್ನ ವಾಪಸ್ ಕೊಟ್ಟ ಗಲಾಟೆ ಯೂಟ್ಯೂಬ್‌ನಲ್ಲಿದೆ, ನೋಡಿ, ಬ್ರೆಟ್ ಓಡಿ ಬರೋ ಸ್ಪೀಡೇ ಒಂದು ಸಿನಿಮಾ. ಟಾರ್ ಎಷ್ಟು, ಎಲ್ಲಿ, ಯಾವ ಆಕಾರದಲ್ಲಿ ಅನ್ನೋದು ಪ್ರತಿಯೊಬ್ಬನ ಅಭ್ಯಾಸ. ಟೈ ಕಾಬ್ ಹಿಡಿಗೆ ಟೇಪನ್ನ ಸುರುಳಿಯಾಗಿ ಸುತ್ತುತ್ತಿದ್ದ. ರೂತ್ 1927ರಲ್ಲಿ ಒಂದು ಬ್ಯಾಟ್‌ನ ಮುದ್ರೆ ಸುತ್ತ ಪ್ರತಿ ಹೋಮ್ ರನ್‌ಗೂ ಒಂದು ಗೀಟು ಕೊರೀತಾ ಹೋದ, 21 ಗೀಟಿನ ಆ ಬ್ಯಾಟ್ ಲೂಯಿವಿಲ್‌ನ ಮ್ಯೂಸಿಯಂನಲ್ಲಿದೆ.

ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನೂ ನೋಡಿ. ನಾಬ್ ಮೇಲೆ ಮಾರ್ಕರ್‌ನಲ್ಲಿ ಬರೆದ ಜೆರ್ಸಿ ನಂಬರ್ ಕೊಳೆಯ ಅಡಿಯಲ್ಲಿದೆಯಾ, ಕೊಳೆಯ ಮೇಲಿದೆಯಾ? ಬಿರುಕಿನ ಒಳಗೆ ಟಾರ್ ಹರಿದಿದ್ರೆ ಬಿರುಕು ಮೊದಲು ಬಂದಿದೆ, ಟಾರ್ ಆಮೇಲೆ. ಒಡೆದ ಬ್ಯಾಟ್‌ಗೆ ಯಾರು, ಯಾಕೆ ಟಾರ್ ಹಚ್ಚಿದ್ರು? ಲೆಕ್ಕಪುಸ್ತಕದಲ್ಲಿ ಹಿಂದಿನ ತಾರೀಕು ಹಾಕಿ ಬರೆದ ನಮೂದು ಇರುತ್ತಲ್ಲ, ಅದೇ ವಾಸನೆ.

ಆದರೆ ಇಷ್ಟೆಲ್ಲ ಹೊಂದಿದ್ರೂ ಮೂರನೇ ಪ್ರಶ್ನೆ ಉಳಿಯುತ್ತೆ. ಸಹ ಆಟಗಾರರು ಒಬ್ಬರ ಬ್ಯಾಟ್ ಇನ್ನೊಬ್ಬರು ಎತ್ಕೊಂಡು ಆಡ್ತಾರೆ. ಪ್ರಾಕ್ಟೀಸ್‌ಗೆ ಮಾತ್ರ ಬಳಸಿರಬಹುದು. ಒಬ್ಬ ಆಟಗಾರನಿಗೆ ಸೀಸನ್‌ಗೆ ಡಜನ್‌ಗಟ್ಟಲೆ ಬ್ಯಾಟ್ ಬರುತ್ತೆ, ಕೆಲವು ಪೆಟ್ಟಿಗೆಯಿಂದ ಹೊರಗೇ ಬರಲ್ಲ, ಸಹಿ ಹಾಕಿ ಕೊಟ್ಟುಬಿಡ್ತಾರೆ. ಕ್ರಿಕೆಟ್‌ನಲ್ಲೂ ನಮಗೆ ಇದು ಹೊಸದಲ್ಲ, ಒಬ್ಬ ತಯಾರಕನ ಬ್ಯಾಟ್‌ಗೆ ಇನ್ನೊಬ್ಬ ಸ್ಪಾನ್ಸರ್ ಸ್ಟಿಕ್ಕರ್ ಅಂಟಿರುತ್ತೆ.

ಇದಕ್ಕೆ ಸದ್ಯಕ್ಕಿರೋ ಬಲವಾದ ಉತ್ತರ ಫೋಟೊ ತಾಳೆ. ಮರದ ಎಳೆ ಬೆರಳಚ್ಚಿನ ಥರ, ಎರಡು ಬ್ಯಾಟ್‌ಗೆ ಒಂದೇ ಇರಲ್ಲ. ಮ್ಯಾಚ್ ದಿನದ ಸ್ಪಷ್ಟ ಫೋಟೊದಲ್ಲಿ ಆಟಗಾರನ ಕೈಲಿರೋ ಬ್ಯಾಟ್‌ನ ಎಳೆ, ಗಂಟು, ಮುದ್ರೆ ಕೂತ ಜಾಗ, ಎಲ್ಲ ಈ ಬ್ಯಾಟ್ ಜೊತೆ ಹೊಂದಿದ್ರೆ ಅವನು ಹಿಡಿದಿದ್ದು ಇದನ್ನೇ. 18 ಲಕ್ಷ 50 ಸಾವಿರ ಡಾಲರ್‌ನ ಆ ರೂತ್ ಬ್ಯಾಟನ್ನ 1921ರ ಒಂದು ಫೋಟೊ ಜೊತೆ ತಾಳೆ ಹಾಕಿದ್ರು. ಇಲ್ಲೂ ಮಾತಿನ ಆಟ ಇದೆ, ಹುಷಾರು. ಅದೇ ಬಣ್ಣ, ಅದೇ ಮಾಡೆಲ್, ಅದೇ ಥರ ಟಾರ್ ಅನ್ನೋದು ಶೈಲಿ ಹೊಂದಾಣಿಕೆ ಅಷ್ಟೆ. ಆ ಫೋಟೊ ಅವನ ಇನ್ನೊಂದು ಬ್ಯಾಟ್‌ನದ್ದೂ ಆಗಿರಬಹುದು.

ಇನ್ನು ಸ್ಟಿಕ್ಕರ್. 1990ರ ದಶಕದಲ್ಲಿ ಅಮೆರಿಕದಲ್ಲಿ ನಕಲಿ ಸಹಿಗಳ ಹಾವಳಿ ಎಷ್ಟಿತ್ತು ಅಂದ್ರೆ, ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಅಂತ ದೊಡ್ಡ ತನಿಖೆಯನ್ನೇ ಮಾಡ್ತು. ಟೋನಿ ಗ್ವಿನ್ ಅನ್ನೋ ಸ್ಟಾರ್‌ಗೆ ತನ್ನದೇ ತಂಡದ ಅಂಗಡಿಯಲ್ಲಿ ತನ್ನ ಹೆಸರಿನ ನಕಲಿ ಸಹಿ ಸಿಕ್ಕಿತ್ತು. 2001ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ತನ್ನದೇ ದೃಢೀಕರಣ ವ್ಯವಸ್ಥೆ ಶುರು ಮಾಡ್ತು. ಮೈದಾನದಲ್ಲೇ ಒಬ್ಬ ಅಧಿಕಾರಿ ಕೂತಿರ್ತಾನೆ, ಬಹುಪಾಲು ಜನ ಪೊಲೀಸ್ ಹಿನ್ನೆಲೆಯವರು. ಕಣ್ಣಾರೆ ಕಂಡಿದ್ದಕ್ಕೆ ಮಾತ್ರ ಹೊಲೋಗ್ರಾಮ್. ಕೀಳೋಕೆ ಹೋದ್ರೆ ಹಾಳಾಗುತ್ತೆ. ಅದರ ನಂಬರನ್ನ ಲೀಗ್‌ನ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬಹುದು.

ನ್ಯೂಜೆರ್ಸಿ ಕೇಳುಗರಿಗೆ ನಾನು ಹೇಳಿದ್ದು ಅದನ್ನೇ, ಸ್ಟಿಕ್ಕರ್ ನೋಡಬೇಡಿ, ನಂಬರ್ ಹಾಕಿ ವಿವರ ಓದಿ. ಓದಿದ್ರು. ಅಲ್ಲಿ ಇದ್ದಿದ್ದು ಸಹಿ ಮಾಡಿದ ಬ್ಯಾಟ್ ಅಂತ ಮಾತ್ರ. ಅಧಿಕಾರಿ ಕಂಡಿದ್ದು ಸಹಿ ಹಾಕೋದನ್ನ, ಆಡೋದನ್ನಲ್ಲ. ಸ್ಟಿಕ್ಕರ್ ಅಸಲಿ, ಸಹಿ ಅಸಲಿ, ಬ್ಯಾಟ್ ಅಸಲಿ. ಮ್ಯಾಚ್‌ನಲ್ಲಿ ಬಳಸಿದ್ದು ಅನ್ನೋ ಒಂದೇ ಮಾತಿಗೆ ಯಾವ ಆಧಾರವೂ ಇರಲಿಲ್ಲ, 4,000 ಡಾಲರ್ ಕೇಳಿದ್ದು ಆ ಮಾತಿಗೇ. ಮಾರೋನನ್ನ ಕೇಳಿದಾಗ ಎರಡು ದಿನ ಉತ್ತರವಿಲ್ಲ. ಆಮೇಲೆ ಅದೇ ಬ್ಯಾಟ್ 850 ಡಾಲರ್‌ಗೆ ಮತ್ತೆ ಕಾಣಿಸ್ತು, ಈ ಸಲ ಬರೀ 'ಸಹಿ ಇರುವ ಬ್ಯಾಟ್' ಅಂತ.

2001ಕ್ಕಿಂತ ಹಿಂದಿನದಕ್ಕೆ ಖಾಸಗಿ ಪರಿಣತರ ಪತ್ರವೇ ಗತಿ. ಪಿಎಸ್‌ಎ ಥರದ ಸಂಸ್ಥೆಗಳು ಬ್ಯಾಟ್‌ಗೆ 1ರಿಂದ 10ರವರೆಗೆ ಅಂಕ ಕೊಡ್ತವೆ. ಅಂಕಕ್ಕಿಂತ ಪತ್ರದ ವಾಕ್ಯಗಳನ್ನ ಓದಿ. ಆಡಿಟ್ ವರದಿಯಲ್ಲಿ 'ನಮ್ಮ ಅಭಿಪ್ರಾಯದಲ್ಲಿ' ಅಂತ ಇರುತ್ತಲ್ಲ, ಇದೂ ಅಭಿಪ್ರಾಯವೇ, ಆದರೆ ಕಾರಣ ಬರೆದ ಅಭಿಪ್ರಾಯ. ದಾಖಲೆಗೆ ಹೊಂದುತ್ತೆ ಅಂದಿದ್ದಾರಾ, ಬಳಕೆಯ ಗುರುತು ಎಷ್ಟಿದೆ ಅಂದಿದ್ದಾರಾ, ಫೋಟೊ ತಾಳೆ ಆಗಿದೆ ಅಂದಿದ್ದಾರಾ? ಮಾರೋನೇ ಬರೆದುಕೊಟ್ಟ ಸರ್ಟಿಫಿಕೇಟ್‌ಗೆ ನನ್ನ ಲೆಕ್ಕದಲ್ಲಿ ಬೆಲೆ ಸೊನ್ನೆ. ಹರಾಜು ಮನೆಯ ಹೆಸರು ದೊಡ್ಡದು ಅನ್ನೋದೂ ಸಾಲದು. ಒಂದು ಕಾಲದಲ್ಲಿ ಈ ವ್ಯವಹಾರದ ದೊರೆ ಅನ್ನಿಸಿಕೊಂಡಿದ್ದ ಬಿಲ್ ಮ್ಯಾಸ್ಟ್ರೋಗೆ ವಂಚನೆ ಕೇಸಿನಲ್ಲಿ 2015ರಲ್ಲಿ 20 ತಿಂಗಳ ಜೈಲು ಶಿಕ್ಷೆ ಆಯ್ತು.

ಕೊನೆಗೆ, ಬ್ಯಾಟ್ ಕೊಂಡವರಿಗೆ ಮತ್ತು ಮಾವನ ಮನೆಯ ಅಟ್ಟದಲ್ಲಿ ಸಿಕ್ಕವರಿಗೆ ಒಂದೇ ಕೋರಿಕೆ: ಒರೆಸಬೇಡಿ. ನಮ್ಮ ಕಡೆ ಹಳೇ ಸಾಮಾನು ಕಂಡ ತಕ್ಷಣ ಒದ್ದೆ ಬಟ್ಟೆ ತರೋ ಚಾಳಿ ಇದೆ. ಆ ಅಂಟು, ನೀಲಿ ಶಾಯಿ, ಮೇಣದ ಪೆನ್ಸಿಲ್ ಗೀಟು, ಗೂಡಿನ ಬಣ್ಣ, ಎಲ್ಲ ಸಾಕ್ಷಿ. ಪಾಲಿಶ್ ಹಚ್ಚಬೇಡಿ, ಹೊಸ ಟೇಪ್ ಸುತ್ತಬೇಡಿ. ಬಂದ ಬಿಲ್, ಪತ್ರ, ಮಾರಿದವನ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಒಂದು ಫೋಲ್ಡರ್‌ನಲ್ಲಿಡಿ. ಬೆಳಕು ಪಕ್ಕದಿಂದ ಬೀಳೋ ಹಾಗೆ ನಾಲ್ಕೂ ಬದಿಯಿಂದ, ನಾಬ್‌ನದ್ದೂ ಸೇರಿಸಿ, ಫೋಟೊ ತೆಗೆದಿಡಿ. ಮುಂದಿನ ವಾರ ಸಿಗೋಣ, ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದೊಳಗೆ ಇರಲಿ ಪ್ಲೀಸ್.