ಗ್ರಾಮ ಪಂಚಾಯತಿಯ ಸ್ವಂತ ಆದಾಯ ಮತ್ತು ಸುಸ್ಥಿರ ಅಭಿವೃದ್ಧಿ

ಸುಸ್ಥಿರ ಅಭಿವೃದ್ಧಿ ಎಂದೊಡನೆ ಅರಣ್ಯ, ನದಿ, ಹವಾಮಾನಗಳ ಮಾತು ಮೊದಲಾಗುತ್ತದೆ. ಸ್ಥಳೀಯ ಸಂಸ್ಥೆಗಳ ಮಟ್ಟಿಗೆ ಅದು ಬಹುಪಾಲು ಆಯವ್ಯಯದ ಪ್ರಶ್ನೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಂತಹ ಹೋಬಳಿ ಕೇಂದ್ರಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ದಿನಸಿ ಅಂಗಡಿ, ಗೊಬ್ಬರದ ಮಳಿಗೆ, ಹೋಟೆಲು, ಗ್ಯಾರೇಜುಗಳು ಸೇರಿದಲ್ಲಿ ಉಂಟಾಗುವ ಕಸವೂ ನೀರಿನ ಬೇಡಿಕೆಯೂ ಪೇಟೆಯದು. ಅದನ್ನು ನಿಭಾಯಿಸಬೇಕಾದುದು ಮಾತ್ರ ಗ್ರಾಮ ಪಂಚಾಯತಿ.

ಅನುದಾನವೇ ಬರುವುದಿಲ್ಲವೆಂದು ಹೇಳಲಾಗದು. 2021-22ರಿಂದ 2025-26ರ ಅವಧಿಗೆ 15ನೆಯ ಹಣಕಾಸು ಆಯೋಗವು ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂ. ಶಿಫಾರಸು ಮಾಡಿತ್ತು. ಅದರಲ್ಲಿ ಶೇ. 60 ಭಾಗ ನೈರ್ಮಲ್ಯ ಮತ್ತು ಕುಡಿಯುವ ನೀರಿಗೆ ಮೀಸಲಾಗಿತ್ತು. ಉಳಿದ ಶೇ. 40 ಭಾಗವನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದಾಗಿದ್ದರೂ ಸಂಬಳ ಹಾಗೂ ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ತೊಡಕು ಇರುವುದು ಇಲ್ಲಿಯೇ. ಕೊಳವೆ ಹಾಕುವುದು ಒಮ್ಮೆಯ ಕೆಲಸ. ನೀರುಗಂಟಿಯ ಸಂಬಳ ತಿಂಗಳು ತಿಂಗಳೂ ಬರುವ ಹೊಣೆ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಮನೆ ಮನೆಗೆ ನಲ್ಲಿ ತಂದಿತು. ನಲ್ಲಿಗಳು ಹೆಚ್ಚಿದಂತೆ ಪಂಪು ಓಡುವ ಗಂಟೆಗಳೂ ಹೆಚ್ಚುತ್ತವೆ. ಅಂತರ್ಜಲ ಕುಸಿದಷ್ಟೂ ಆಳದಿಂದ ನೀರೆತ್ತಬೇಕಾಗಿ ವಿದ್ಯುತ್ ಬಿಲ್ಲು ಏರುತ್ತದೆ.

ಕಸದ ವಾಹನದ ಕಥೆಯೂ ಇದೇ. ಹಲವೆಡೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡು ಪಂಚಾಯತಿ ಈ ಸೇವೆಯನ್ನು ನಡೆಸುತ್ತದೆ. ವಾಹನದ ಬೆಲೆ 6 ಲಕ್ಷ ರೂ., ಬಾಳಿಕೆ 8 ವರ್ಷ ಎಂದಿಟ್ಟುಕೊಂಡರೆ ಇಂಧನ, ವೇತನ, ದುರಸ್ತಿಗಳಲ್ಲದೆ ವರ್ಷಕ್ಕೆ 75,000 ರೂ. ಸವಕಳಿಗಾಗಿಯೇ ಎತ್ತಿಡಬೇಕು. ಯಾವ ವರ್ತಕನೂ ತನ್ನ ಲಾರಿಯ ವಿಷಯದಲ್ಲಿ ಈ ಲೆಕ್ಕ ಮರೆಯುವುದಿಲ್ಲ. ಪಂಚಾಯತಿ ಎತ್ತಿಡದಿದ್ದರೆ ಒಂಬತ್ತನೆಯ ವರ್ಷ ವಾಹನ ಮೂಲೆಗೆ ನಿಲ್ಲುತ್ತದೆ, ಕಸ ಸಂತೆಮಾಳದ ಅಂಚಿಗೆ ಮರಳುತ್ತದೆ.

ಈ ಅಂತರವನ್ನು ತುಂಬಬೇಕಾದುದು ಸ್ವಂತ ಆದಾಯ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೆಯ ಪ್ರಕರಣವು ಕಟ್ಟಡ ಹಾಗೂ ಕೃಷಿಯೇತರ ಜಮೀನಿನ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಪಂಚಾಯತಿಗೆ ಕೊಟ್ಟಿದೆ. ಅಧಿಕಾರವಿದ್ದ ಮಾತ್ರಕ್ಕೆ ವಸೂಲಿಯಾಗದು. ಮತ ಕೇಳಬೇಕಾದ ಸದಸ್ಯನಿಗೆ ನೆರೆಯವರ ಬಾಕಿ ಕೇಳುವುದು ಮುಜುಗರ. ವಿಸ್ತರಿಸಿದ ಮಳಿಗೆ ಹಳೆಯ ಅಳತೆಯಲ್ಲಿಯೇ ಪಟ್ಟಿಯಲ್ಲಿ ಉಳಿದಿರುತ್ತದೆ. ಸೇವೆಯಿಲ್ಲವೆಂದು ವರ್ತಕರು ತೆರಿಗೆ ಕಟ್ಟುವುದಿಲ್ಲ, ತೆರಿಗೆಯಿಲ್ಲವೆಂದು ಸೇವೆ ನಿಲ್ಲುತ್ತದೆ. ವರ್ತಕರ ದೂರಿನಲ್ಲಿಯೂ ನ್ಯಾಯವಿದೆ: ಕೊಟ್ಟ ಹಣ ಯಾವ ಬಾಬಿಗೆ ಹೋಯಿತೆಂಬುದು ಅವರಿಗೆ ತಿಳಿಯಬೇಕು. ಅದನ್ನು ಕೇಳಲು ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿ ಇದೆ. ಆ ದಿನ ಅಂಗಡಿ ಬಿಟ್ಟು ಬಂದು ವೋಚರು ನೋಡುವ ವರ್ತಕರು ವಿರಳ.

ತೆರಿಗೆ ಕಟ್ಟುವವರು ರಸೀದಿಯನ್ನು ಜೋಪಾನವಾಗಿಡುವುದು ಒಳಿತು. ವ್ಯಾಪಾರದ ಕಟ್ಟಡಕ್ಕೆ ಪಾವತಿಸಿದ ಸ್ಥಳೀಯ ತೆರಿಗೆಯು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರದ ವೆಚ್ಚವಾಗಿ ಮಾನ್ಯವಾಗುತ್ತದೆ. ಲೆಕ್ಕಪುಸ್ತಕದಲ್ಲಿ ಬಾಕಿ ತೋರಿಸಿದರೆ ಸಾಲದು. ರಿಟರ್ನ್ ಸಲ್ಲಿಸುವ ಕಡೆಯ ದಿನಾಂಕದೊಳಗೆ ಹಣ ಪಾವತಿಯಾಗಿರಬೇಕು. ಅಂದಾಜು ಆದಾಯದ ಪದ್ಧತಿಯಲ್ಲಿ ಲಾಭ ಘೋಷಿಸುವ ಸಣ್ಣ ವರ್ತಕರಿಗೆ ಈ ಕಡಿತ ಪ್ರತ್ಯೇಕವಾಗಿ ದೊರೆಯದು.